ಮಂಗಲವಾಗದ ಪುರಾಣ

ಶ್ರಾವಣದಲ್ಲಿ ಪುರಾಣ ಹೇಳಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ಸಭೆಗೆ ಬೇಕಿತ್ತು, ಭಾಷಣಕ್ಕೆ ಬೇಕಿತ್ತು, ಕಟ್ಟೆಯ ಮೇಲೆ ನಾಲ್ಕು ಜನ ಕೂತು ಪತ್ರಿಕೆ ಓದಬೇಕೆಂದರೂ ಪೊಲೀಸ್ ಠಾಣೆಯ ಅಧಿಕಾರಿ ಅಮೀನರ ಮರ್ಜಿ ನೋಡಬೇಕಿತ್ತು. ಯುದ್ಧದ ಕಾಲ, ನಿಜಾಮರ ಸೀಮೆ. ಕುಷ್ಟಗಿಗೂ ಯಲಬುರ್ಗಿಗೂ ನಡುವೆ ಇದ್ದ ಒಂದು ಊರಿನ ಮಠದ ಹಿಂಭಾಗದ ಪಡಸಾಲೆಯಲ್ಲಿ ಕನ್ನಡ ಸಾಲೆಯೊಂದು ನಡೆಯುತ್ತಿತ್ತು. ಅದಕ್ಕೆ ನಾನೊಬ್ಬನೇ ಮಾಸ್ತರ. ಸರಕಾರಿ ಸಾಲೆಗಳಲ್ಲಿ ಪಾಠವೆಲ್ಲ ಉರ್ದುವಿನಲ್ಲಿ. ನಮ್ಮದು ಖಾಸಗಿ ಸಾಲೆಯಾದ್ದರಿಂದ ಅಮೀನರು ಬೇಡವೆಂದ ಗಳಿಗೆಯಲ್ಲಿ ಮುಚ್ಚಬೇಕಾಗಿತ್ತು.

ಸಂಜೆ ಸಾಲೆ ಬಿಟ್ಟ ಮೇಲೆ ಊರಿನ ಕೆಲವು ಗಂಡಸರು ಬಂದು ಕೂರುತ್ತಿದ್ದರು. ಯುರೋಪಿನಲ್ಲಿ ಅಷ್ಟೊಂದು ಜನ ಯಾಕೆ ಕಾದಾಡುತ್ತಿದ್ದಾರೆ, ಅಲ್ಲಿ ರಾಜರಿದ್ದಾರೋ ಇಲ್ಲವೋ, ಇಲ್ಲದಿದ್ದರೆ ಊರು ಹೇಗೆ ನಡೆಯುತ್ತದೆ ಎಂದು ಕೇಳುತ್ತಿದ್ದರು. ಕಾಲೇಜಿನಲ್ಲಿ ನಾನು ಪಶ್ಚಿಮದ ರಾಜಕೀಯ ಚಿಂತನೆಯ ಇತಿಹಾಸವನ್ನು ಆಸೆಯಿಂದ ಓದಿದವನು. ಕೇಳುವವರು ಸಿಕ್ಕರೆ ಬಿಡುವ ಜಾತಿಯಲ್ಲ. ಹೇಳತೊಡಗಿದೆ. ನಾಲ್ಕನೆಯ ಸಂಜೆಗೇ ಠಾಣೆಯ ಜವಾನ ಬಾಗಿಲಲ್ಲಿ ನಿಂತು ಇದೇನು ಸಭೆ ಎಂದು ಕೇಳಿದ. ಮಗ್ಗಿ ಹೇಳಿಕೊಡುತ್ತಿದ್ದೇನೆ ಎಂದೆ. ಮೀಸೆ ಬಂದವರಿಗೆ ಮಗ್ಗಿಯೇ ಎಂದು ನಕ್ಕು ಹೋದ. ಮರುದಿನದಿಂದ ಯಾರೂ ಬರಲಿಲ್ಲ.

ದಾರಿ ತೋರಿಸಿದವರು ಗವಾಯಿಗಳು. ಪ್ರತಿ ಶ್ರಾವಣಕ್ಕೆ ಮಠಕ್ಕೆ ಬಂದು ಒಂದು ತಿಂಗಳು ಪುರಾಣ ಓದುತ್ತಿದ್ದವರು. ನಮ್ಮ ಕಡೆ ಪುರಾಣಕ್ಕೆ ಇಬ್ಬರು ಬೇಕು. ಒಬ್ಬರು ಹಾರ್ಮೋನಿಯಂ ಪೇಟಿ ಹಿಡಿದು ಪದ್ಯವನ್ನು ರಾಗವಾಗಿ ಓದುತ್ತಾರೆ, ಇನ್ನೊಬ್ಬರು ಅದರ ಅರ್ಥ ಬಿಡಿಸಿ ಹೇಳುತ್ತಾರೆ. ಅರ್ಥ ಹೇಳುತ್ತಿದ್ದ ಶಾಸ್ತ್ರಿಗಳು ಆ ವರ್ಷ ಕಾಯಿಲೆ ಬಿದ್ದಿದ್ದರು. ಆ ಜಾಗಕ್ಕೆ ನನ್ನನ್ನು ಕೂಡಿಸುವ ಮಾತು ಬಂದಾಗ ಗವಾಯಿಗಳು ನನ್ನ ಮುಖ ನೋಡಿ ಕಣ್ಣು ಮಿಟುಕಿಸಿದರು.

"ಭಾಷಣ ಅಂದ್ರ ಹಿಡೀತಾರ್ರೀ ಮಾಸ್ತರ, ಪುರಾಣ ಅಂದ್ರ ಕೈ ಮುಗೀತಾರ. ನಿಮ್ಮ ಆ ಶಾಣ್ಯಾರ್ನೆಲ್ಲಾ ಮುನಿಗಳ ಮಾಡಿಬಿಡ್ರಿ. ಪದಾ ನಾ ಕಟ್ಟತೀನಿ."

ಮಠದ ಸ್ವಾಮಿಗಳನ್ನು ಊರವರು ಅಜ್ಜಾರು ಎನ್ನುತ್ತಿದ್ದರು. ಅವರು ವಿಷಯವನ್ನೆಲ್ಲ ಕೇಳಿ ವಿಭೂತಿ ಗಟ್ಟಿಯನ್ನು ಬೆರಳಲ್ಲಿ ತಿರುಗಿಸಿದರು. "ಏನರೆ ಹೇಳ್ರಿ, ಆದ್ರ ಸಾಲಿ ಉಳೀಬೇಕು. ಸಾಲಿ ಹೋತಂದ್ರ ಈ ಹುಡುಗೂರು ಕನ್ನಡ ಅಕ್ಷರಾನ ನೋಡೂದಿಲ್ಲ," ಎಂದರು. ಅಪ್ಪಣೆಯೂ ಎಚ್ಚರಿಕೆಯೂ ಅದೇ ಆಗಿತ್ತು. ಆ ತಿಂಗಳಿಡೀ ಆ ಮಾತು ನನ್ನ ಕಿವಿಯಲ್ಲಿ ಕೂತಿತ್ತು.

ಕೆಲಸ ನಾನಂದುಕೊಂಡಷ್ಟು ಸುಲಭವಿರಲಿಲ್ಲ. ಮಧ್ಯಾಹ್ನ ಊಟವಾದ ಮೇಲೆ ನಾನು ಒಬ್ಬೊಬ್ಬ ಚಿಂತಕನ ವಿಚಾರವನ್ನು ಸಾದಾ ಮಾತಿನಲ್ಲಿ ಹೇಳಬೇಕು, ಗವಾಯಿಗಳು ಅದನ್ನು ಷಟ್ಪದಿಗೆ ಇಳಿಸಬೇಕು. ಅವರ ಪ್ರಶ್ನೆಗಳೇ ಬೇರೆ. ಈ ಮುನಿಯ ಗುರು ಯಾರು? ಸಿಟ್ಟು ಬಂದರೆ ಏನು ಶಾಪ ಕೊಡುತ್ತಾನೆ? ತಪಸ್ಸು ಎಲ್ಲಿ ಮಾಡಿದ? ಗುರುವೂ ಇಲ್ಲ, ಶಾಪವೂ ಇಲ್ಲ, ತಪಸ್ಸು ಮಾಡಿದ್ದು ಓದುವ ಕೋಣೆಯಲ್ಲಿ ಎಂದರೆ ಅವರಿಗೆ ಸಮಾಧಾನವಾಗದು. ಜಡೆಯಾದರೂ ಇರಲಿ ಎಂದು ಹಟ ಹಿಡಿದರು. ಜಡೆಯಿಲ್ಲ, ಬೇರೆಯವರ ಕೂದಲಿನಿಂದ ಮಾಡಿದ ಗುಂಗುರು ಟೊಪ್ಪಿಗೆಯೊಂದನ್ನು ತಲೆಗೆ ಹಾಕಿಕೊಳ್ಳುತ್ತಿದ್ದರು ಎಂದು ನಿಜ ಹೇಳಿದೆ. ಮಂದಿಯ ಕೂದಲು ತಲೆಯ ಮೇಲೆ ಹೊತ್ತವರು ಎಂಥ ಮುನಿಗಳು ಎಂದು ಅವರು ಪೇಟಿ ಮುಚ್ಚಿ ನಗತೊಡಗಿದರು. ಕಡೆಗೆ ಎಲ್ಲರಿಗೂ ಬಿಳಿ ಜಡೆ ಎಂದು ರಾಜಿಯಾಯಿತು.

ಹೆಸರುಗಳನ್ನು ನಾವೇ ಇಟ್ಟೆವು. ದೊರೆ ಅಧಿಕಾರ ಉಳಿಸಿಕೊಳ್ಳಲು ಮಾಡಬೇಕಾದ ಹಿಕ್ಮತ್ತುಗಳನ್ನು ಹೇಳಿದ ಇಟಲಿಯವನು ಉಪಾಯದ ಮುನಿ. ಜನ ಒಬ್ಬರಿಗೊಬ್ಬರು ಅಂಜಿ ತಮ್ಮ ಬಲವನ್ನೆಲ್ಲ ಒಬ್ಬನ ಕೈಗೆ ಕೊಟ್ಟರು, ಕೊಟ್ಟ ಮೇಲೆ ತಿರುಗಿ ಕೇಳುವಂತಿಲ್ಲ ಎಂದ ಇಂಗ್ಲಿಷಿನವನು ಅಂಜಿಕೆಯ ಮುನಿ. ಅವನ ಹಿಂದೆಯೇ ಬಂದು, ಕೊಟ್ಟದ್ದು ನಂಬಿಗೆಯ ಮೇಲೆ, ನಂಬಿಗೆ ಕೆಟ್ಟರೆ ಹಿಂದಕ್ಕೆ ತೆಗೆದುಕೊಳ್ಳಬಹುದು ಎಂದ ಇನ್ನೊಬ್ಬ ಇಂಗ್ಲಿಷಿನವನು ನಂಬಿಗೆಯ ಮುನಿ. ಅರಸುತನ ಯಾರೊಬ್ಬನದೂ ಅಲ್ಲ, ಎಲ್ಲರೂ ಕೂಡಿದ ಮನಸ್ಸೇ ಅರಸು ಎಂದ ಫ್ರೆಂಚ್ ಮಾತಿನವನು ಎಲ್ಲರ ಮುನಿ. ಎಲ್ಲರ ಮುನಿಯ ಕಥೆಗೆ ಪುರಾಣ ಮಂಗಲವಾಗಬೇಕು, ಅಂದರೆ ಮುಗಿಯಬೇಕು ಎಂದು ನಮ್ಮ ಲೆಕ್ಕ.

ದೀಪ ಹಚ್ಚುವ ಹೊತ್ತಿಗೆ ಮಠದ ಅಂಗಳ ತುಂಬುತ್ತಿತ್ತು. ಉಪಾಯದ ಮುನಿಯ ಕಥೆಗೆ ಜನ ಹೊಟ್ಟೆ ಹಿಡಿದು ನಕ್ಕರು. ಇವನು ನಮ್ಮೂರ ಕುಲಕರ್ಣಿಯ ಮುತ್ತಜ್ಜನೇ ಇರಬೇಕೆಂದು ಹಿಂದಿನಿಂದ ಯಾರೋ ಕೂಗಿದರು. ಅಂಜಿಕೆಯ ಮುನಿ ಬಂದಾಗ ನಗು ನಿಂತಿತು. ಆಳುವವನಿಲ್ಲದಿದ್ದರೆ ಮನುಷ್ಯನಿಗೆ ಮನುಷ್ಯನೇ ಹಗೆ ಎಂದು ನಾನು ಅರ್ಥ ಹೇಳುತ್ತಿದ್ದಂತೆ ಮುಂದೆ ಕೂತಿದ್ದ ರೊಟ್ಟಿ ಅವ್ವ ಎದ್ದು ನಿಂತಳು. ಸಾಲೆಯ ಹುಡುಗರಿಗೆ ರೊಟ್ಟಿ ಬಡಿದು ಕೊಡುತ್ತಿದ್ದ ವಿಧವೆ ಆಕೆ. ಎರಡು ಎತ್ತು ಮತ್ತು ಒಂದು ಸಜ್ಜೆಯ ಹೊಲ ಆಕೆಯ ಆಸ್ತಿ.

"ಹಂಗ ಎಲ್ಲೈತ್ರೀ ಮಾಸ್ತರ? ನೀರಿಗೆ ಜಗಳಾಡಿದವರೂ ಸತ್ತಾಗ ಹೆಣಾ ಹೊರಾಕ ಬರತಾರ."

ಅದಕ್ಕೆ ಉತ್ತರ ಮುಂದಿನ ಮುನಿ ಕೊಡುತ್ತಾನವ್ವಾ ಎಂದು ಜಾರಿಕೊಂಡೆ. ಆದರೆ ಆಕೆಯ ಮಾತಿನ ಹಿಂದಿನ ಸಂಕಟ ನನಗೆ ಗೊತ್ತಿತ್ತು. ಅಮಾವಾಸ್ಯೆಯ ಹಿಂದಿನ ದಿನ ಠಾಣೆಯವರು ಬಂದು, ಮೇಲಿನ ಸಾಹೇಬರ ಡೇರೆ ಸಾಮಾನು ಸಾಗಿಸಲಿಕ್ಕೆಂದು ಆಕೆಯ ಎರಡೂ ಎತ್ತುಗಳನ್ನು ಬಂಡಿ ಸಮೇತ ಬಿಟ್ಟಿಗೆ ಹಿಡಿದುಕೊಂಡು ಹೋಗಿದ್ದರು. ಎತ್ತು ಹೂಡಿ ಸಾಲಿನ ನಡುವಿನ ಕಸ ತೆಗೆಯುವ, ಎಡೆ ಹೊಡೆಯುವ ದಿನಗಳು ಅವು. ಹೊಲದಲ್ಲಿ ಸಜ್ಜೆಗಿಂತ ಕಸವೇ ಎತ್ತರವಾಗಿತ್ತು. ಸಾಹೇಬರ ಪ್ರವಾಸ ಮುಗಿದರೂ ಎತ್ತು ಹಿಂದಿರುಗಿರಲಿಲ್ಲ, ಅಮೀನರ ಸ್ವಂತ ತಿರುಗಾಟಕ್ಕೆ ದುಡಿಯುತ್ತಿದ್ದವು.

ಜವಾನನೂ ದಿನವೂ ಬರುತ್ತಿದ್ದ. ಕಂಬಕ್ಕೆ ಬೆನ್ನು ಕೊಟ್ಟು, ಲಾಠಿಯನ್ನು ಮೊಣಕಾಲ ಮೇಲೆ ಅಡ್ಡ ಇಟ್ಟುಕೊಂಡು ಕೂರುತ್ತಿದ್ದ. ಮೊದಮೊದಲು ತೂಕಡಿಸಿದವನು ಬರುಬರುತ್ತ ತಾಳಕ್ಕೆ ತಲೆ ಹಾಕತೊಡಗಿದ. ತೂಕಡಿಸುವಾಗ ನನಗೆ ಧೈರ್ಯವಿತ್ತು. ಕಿವಿಗೊಟ್ಟು ಕೇಳತೊಡಗಿದ ಮೇಲೆ ಪ್ರತಿ ವಾಕ್ಯವನ್ನೂ ಬಾಯಿಂದ ಬಿಡುವ ಮೊದಲು ಒಮ್ಮೆ ನುಂಗಿ ನೋಡುವಂತಾಯಿತು.

ಎಡವಿದ್ದು ಒಂದು ಭಾನುವಾರ. ಪುರಾಣದಲ್ಲಿ ಆ ದಿನದ ಪ್ರಸಂಗ ಮುಗಿದ ಮೇಲೆ ಮರುದಿನ ಏನು ಬರುತ್ತದೆಂದು ಹೇಳುವ ರೂಢಿ. ನಾನೂ ಹುರುಪಿನಲ್ಲಿ, ನಾಳೆ ಜನರೆಲ್ಲ ಕೂಡಿ ತಮಗೊಬ್ಬ ಅರಸನನ್ನು ಮಾಡಿಕೊಳ್ಳುವ ಪ್ರಸಂಗ, ಯಾರೂ ತಪ್ಪಿಸಬೇಡಿ ಎಂದೆ. ಜನ ಹರಹರ ಎಂದು ಎದ್ದರು. ಗವಾಯಿಗಳು ಮಾತ್ರ ಪೇಟಿಯ ಮೇಲೆ ಕೈಯಿಟ್ಟು ಹಾಗೇ ಕೂತಿದ್ದರು.

"ಏನ್ ಹೇಳಿದ್ರಿ ಅನ್ನೂದು ತಿಳದದ ಏನ್ರೀ? ನಾಳೆ ಊರಿಗೆ ಊರ ಪಟ್ಟಾ ಕಟ್ಟಾಕ ಬರತೈತಿ. ಯಾರನ್ನ ಕುಂದ್ರಸ್ತೀರಿ?"

ಆಗ ನನಗೆ ಹೊಳೆಯಿತು. ನಮ್ಮ ಕಡೆ ಪುರಾಣವನ್ನು ಬರೀ ಕೇಳುವುದಿಲ್ಲ. ಶರಣರು ಹುಟ್ಟುವ ಪ್ರಸಂಗ ಬಂದರೆ ಹೆಂಗಸರು ತೊಟ್ಟಿಲು ತಂದು ತೂಗುತ್ತಾರೆ. ಕಳೆದ ಶ್ರಾವಣದಲ್ಲಿ ಮದುವೆಯ ಪ್ರಸಂಗ ಬಂದಾಗ ಮಕ್ಕಳಿಬ್ಬರನ್ನು ಮದುಮಕ್ಕಳೆಂದು ಕಟ್ಟೆಯ ಮೇಲೆ ಕೂಡಿಸಿ, ಮನೆಗೊಂದು ಬೊಗಸೆ ಕಾಳನ್ನು ಅವರ ಉಡಿಗೆ ಹಾಕಿದ್ದನ್ನು ನಾನೇ ನೋಡಿದ್ದೆ. ಹಾಕಿಸಿಕೊಂಡವರು ಅದರಲ್ಲೇ ನಾಲ್ಕು ಕಾಳನ್ನು ಹಾಕಿದವರಿಗೆ ಹೊಳ್ಳಿ, ಅಂದರೆ ಮರಳಿ, ಕೊಡಬೇಕು. ಬರೀ ಉಡಿಯಲ್ಲಿ ಯಾರನ್ನೂ ಕಳಿಸಬಾರದು. ಅರಸನನ್ನು ಮಾಡುವ ಪ್ರಸಂಗವೆಂದರೆ ಒಬ್ಬ ಅರಸ ಬೇಕೇ ಬೇಕು. ಅದೂ ನಿಜಾಮರ ಸೀಮೆಯಲ್ಲಿ, ಜವಾನನ ಕಣ್ಣೆದುರಿಗೆ. ಜವಾನ ಆಗಲೇ ಎದ್ದು ಹೋಗಿದ್ದ.

ಬೆಳಗ್ಗೆ ಅಜ್ಜಾರ ಮುಂದೆ ನಾವಿಬ್ಬರೂ ಕೂತೆವು. ಮೈ ಹುಷಾರಿಲ್ಲವೆಂದು ನಾನು ಮಲಗಿಬಿಡಲೇ ಎಂದು ಕೇಳಿದೆ. ಪುರಾಣವನ್ನು ನಡುವೆ ನಿಲ್ಲಿಸಿದರೆ ಊರಿಗೆ ಕೇಡೆಂದು ಜನ ನಂಬುತ್ತಾರೆ, ಅಲ್ಲದೆ ನಿಲ್ಲಿಸಿದರೆ ಅಮೀನರಿಗೆ ಇದ್ದ ಅನುಮಾನವೂ ಗಟ್ಟಿಯಾಗುತ್ತದೆ ಎಂದರು ಗವಾಯಿಗಳು. ಅಜ್ಜಾರು ಕೂತರೆ ಮಠದಲ್ಲಿ ಬೇರೆ ದೊರೆಯನ್ನು ಮಾಡಿದರೆಂಬ ಮಾತಾಗುತ್ತದೆ. ಊರಗೌಡರು ಕೂತರೂ ಅದೇ ಮಾತು. ಗದ್ದಿಗೆಯನ್ನು ಖಾಲಿ ಇಟ್ಟರೆ ಅದು ಯಾರಿಗಾಗಿ ಎಂಬ ಪ್ರಶ್ನೆ ಬಂದೇ ಬರುತ್ತದೆ. ಆಡುತ್ತ ಆಡುತ್ತ ಮಾತು ಮುಗಿದುಹೋಯಿತು. ಅಷ್ಟರಲ್ಲಿ ಊರಗೌಡರ ಆಳು ಬಂದು, ಅಮೀನ ಸಾಹೇಬರು ಖುದ್ದಾಗಿ ಪುರಾಣ ಕೇಳಲು ಬರುತ್ತಾರಂತೆ ಎಂದು ಹೇಳಿದ. ಅಜ್ಜಾರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಎದ್ದು ಹೋಗಿ ಸಾಲೆಯ ಪಡಸಾಲೆಯಲ್ಲಿ ಹುಡುಗರ ಪಾಟಿಗಳನ್ನು ಸುಮ್ಮನೆ ಜೋಡಿಸುತ್ತ ನಿಂತರು.

ಸೋಮವಾರ ನಮ್ಮ ಸೀಮೆಯಲ್ಲಿ ಎತ್ತಿನ ಹೆಗಲಿಗೆ ನೊಗ ಏರಿಸುವುದಿಲ್ಲ. ಅದು ಬಸವಣ್ಣನ ದಿನ. ಹೊಲದ ಕೆಲಸವಿಲ್ಲದ್ದರಿಂದ ಪುರಾಣವನ್ನು ಮಧ್ಯಾಹ್ನಕ್ಕೇ ಇಟ್ಟಿದ್ದೆವು. ಜನ ಕೇಳದೆಯೇ ಎಲ್ಲವನ್ನೂ ಸಜ್ಜು ಮಾಡಿದ್ದರು. ಕಟ್ಟೆಯ ಮೇಲೆ ಕರಿ ಕಂಬಳಿಯ ಗದ್ದಿಗೆ, ತಾಟಿನಲ್ಲಿ ಕೆಂಪು ರುಮಾಲು, ತೆಂಗಿನಕಾಯಿ. ಎಲ್ಲರ ಸೆರಗು, ಶಲ್ಯಗಳಲ್ಲಿ ಜೋಳದ ಕಾಳು. ಅವರ ಮುಖದಲ್ಲಿ ಸಂಭ್ರಮವಿತ್ತು.

ಅಮೀನರ ಬಂಡಿ ಬಂದು ಮಠದ ಬಾಗಿಲಲ್ಲಿ ನಿಂತಿತು. ಅಂಗಳದ ಗದ್ದಲ ತಟ್ಟನೆ ಅಡಗಿತು. ಬಂಡಿ ಎಳೆದು ತಂದದ್ದು ರೊಟ್ಟಿ ಅವ್ವನ ಎತ್ತುಗಳು. ಪಕ್ಕೆಲುಬು ಎಣಿಸುವಂತಾಗಿದ್ದವು, ಹೆಗಲ ಮೇಲೆ ಗಾಯವಿತ್ತು, ಸೋಮವಾರ ಮಧ್ಯಾಹ್ನ ನೊಗ ಹೊತ್ತು ನಿಂತಿದ್ದವು. ಆಕೆ ಕೂತಲ್ಲೇ ಹೊರಳಿ ನೋಡಿದಳು. ಒಂದು ಎತ್ತು ಆಕೆಯ ಗುರುತು ಹಿಡಿದು ಸಣ್ಣಗೆ ಕೂಗಿತು. ಅಮೀನರಿಗೆ ಇದಾವುದರ ಪರಿವೆಯೂ ಇರಲಿಲ್ಲ. ಹೈದರಾಬಾದ್ ಶಹರದ ಮನುಷ್ಯ, ನಡುವಯಸ್ಸು, ಇಸ್ತ್ರಿ ಮಾಡಿದ ಉಡುಪು. ಕೆಟ್ಟ ಮುಖವೇನಲ್ಲ. ಇಳಿದವರೇ ಗದ್ದಿಗೆಯನ್ನೂ ರುಮಾಲನ್ನೂ ನೋಡಿ, ಇವತ್ತು ಯಾರಿಗೆ ಪಟ್ಟ ಎಂದು ನನ್ನನ್ನು ಕೇಳಿದರು. ಕೇಳುವಾಗ ನಗುತ್ತಿದ್ದರು. ಜವಾನ ನಗುತ್ತಿರಲಿಲ್ಲ.

ತಾವೇ ಕೂಡಬೇಕು ಸಾಹೇಬರೇ, ತಮ್ಮನ್ನು ಬಿಟ್ಟು ಈ ಊರಿಗೆ ದೊರೆ ಯಾರಿದ್ದಾರೆ ಎಂದುಬಿಟ್ಟೆ. ಗವಾಯಿಗಳು ಕೆಮ್ಮಿದರು. ಅಮೀನರು ಬೂಟು ಕಳಚಿಟ್ಟು ಕಟ್ಟೆ ಹತ್ತಿದರು. ಊರಗೌಡರು ಅವರ ತಲೆಗೆ ರುಮಾಲು ಸುತ್ತಿದರು. ತೊಡೆಯ ಮೇಲೆ ಶಲ್ಯ ಹಾಸಿದೆವು. ಕತ್ತಿಯನ್ನು ಒರೆಯಲ್ಲೇ ಕೂಡಿಸಿದೆ ಎಂದು ಒಳಗೊಳಗೇ ಬೀಗಿದೆ.

ಗವಾಯಿಗಳು ಅಂಜಿಕೆಯ ಮುನಿಯ ಪದ್ಯ ಎತ್ತಿದರು. ಜನ ತಮ್ಮ ಬಲವನ್ನೆಲ್ಲ ಒಬ್ಬನ ಕೈಗಿಟ್ಟರು, ಅವನ ಮಾತೇ ಕಟ್ಟಳೆಯಾಯಿತು, ಅವನಿಗೆ ಯಾವ ಕರಾರೂ ಇಲ್ಲ ಎಂದು ನಾನು ಅರ್ಥ ಹೇಳಿದೆ. ಅಮೀನರು ಅರೆಗಣ್ಣು ಮುಚ್ಚಿ ಕೇಳುತ್ತಿದ್ದರು. ಬಳಿಕ ಜನ ಸಾಲಾಗಿ ಬಂದರು. ಮೊದಲು ಗೌಡರು ಬೊಗಸೆ ಕಾಳು ಹಾಕಿ, ಶಲ್ಯ ಒಡ್ಡಿ ನಿಂತರು. ಅಮೀನರು ಮುಗುಳ್ನಕ್ಕು ತಲೆಯಾಡಿಸಿದರು. ಹೊಳ್ಳಿ ಕೊಡುವ ಪದ್ಧತಿ ಅವರಿಗೆ ಗೊತ್ತಿರಲಿಲ್ಲ, ಹೇಳಬೇಕೆಂದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ಗೌಡರು ಮುಖ ಸಣ್ಣದು ಮಾಡಿಕೊಂಡು ಸರಿದರು. ಅವರ ಹಿಂದಿನವರೂ ಬರೀ ಉಡಿಯಲ್ಲೇ ಹೋದರು. ಅಂಗಳದಲ್ಲಿ ಗುಜುಗುಜು ಎದ್ದಿತು.

ರೊಟ್ಟಿ ಅವ್ವ ಕಾಳು ಹಾಕಿ ಸೆರಗೊಡ್ಡಿ ನಿಂತಳು. ಅಮೀನರು ತಲೆಯಾಡಿಸಿದರು. ಆಕೆ ಸರಿಯಲಿಲ್ಲ. ಜವಾನ ಮುಂದೆ ನಡೆಯೆಂದು ಗದರಿದ. ಆಗಲೂ ಸರಿಯಲಿಲ್ಲ. ಆಕೆಯ ಹಿಂದೆ ಸಾಲು ಹಾಗೇ ನಿಂತಿತು. ಹೊರಗೆ ಎತ್ತು ಕೊರಳಾಡಿಸಿದ ಸದ್ದು ಕೇಳುತ್ತಿತ್ತು. ಈ ಮುದುಕಿಗೆ ಏನು ಬೇಕು ಎಂದು ಅಮೀನರು ನನ್ನ ಕಡೆ ತಿರುಗಿದರು.

ನಾಲ್ಕು ಕಾಳು ಹೊಳ್ಳಿ ಕೊಡುವ ಪದ್ಧತಿ ಸಾಹೇಬರೇ ಎಂದಿದ್ದರೆ ಮುಗಿಯುತ್ತಿತ್ತು. ಅವರು ಕೊಡುತ್ತಿದ್ದರು, ಆಕೆ ಸರಿಯುತ್ತಿದ್ದಳು, ಸಾಲೆ ಉಳಿಯುತ್ತಿತ್ತು. ಆ ಮಾತು ನಾಲಗೆಯ ತುದಿಗೆ ಬಂದಿತ್ತು ಕೂಡ. ಬಾಗಿಲಾಚೆ ಎತ್ತಿನ ಹೆಗಲ ಗಾಯಕ್ಕೆ ನೊಣ ಮುತ್ತಿದ್ದು ಕಾಣುತ್ತಿತ್ತು. ಅಜ್ಜಾರ ಕಡೆ ನೋಡಿದೆ. ಅವರು ನನ್ನನ್ನು ನೋಡುತ್ತಿರಲಿಲ್ಲ, ಅವ್ವನ ಸೆರಗನ್ನು ನೋಡುತ್ತಿದ್ದರು. ಇಷ್ಟು ದಿನ ಮುನಿಗಳ ಕಥೆ ಹೇಳಿ ಈಗ ಬಾಯಿ ಮುಚ್ಚಿಕೊಂಡರೆ ನಾನು ಹೇಳಿದ್ದೆಲ್ಲ ಹೊಟ್ಟೆಪಾಡಿನ ಕಥೆಯಾಗುತ್ತದೆ ಎನ್ನಿಸಿತು. ಗವಾಯಿಗಳ ಹತ್ತಿರ ಬಗ್ಗಿ, ನಾಳೆಯ ಪದ ಎತ್ತಿರಿ, ನಂಬಿಗೆಯ ಮುನಿಯದು ಎಂದೆ. ಅವರು ಸ್ವರ ಹಿಡಿದರು.

"ತೊಟ್ಟವನು ನೀನು, ತೊಡಿಸಿದವರು ನಾವು."

ಅದೇ ಸಾಲನ್ನು ಮತ್ತೆ ಮತ್ತೆ, ಒಂದೊಂದು ಸಲ ಒಂದೊಂದು ಎತ್ತರದಲ್ಲಿ ಹಾಡಿದರು. ನಾನು ಎದ್ದು ನಿಂತು ಅರ್ಥ ಹೇಳಿದೆ. ಅಂಜಿಕೆಯ ಮುನಿಯ ಮಾತಿನಲ್ಲಿ ಅರ್ಧ ಸತ್ಯವಿದೆ. ಜನ ಕೊಟ್ಟದ್ದು ನಿಜ, ಆದರೆ ಸುಮ್ಮನೆ ಕೊಟ್ಟದ್ದಲ್ಲ, ತಮ್ಮ ಬದುಕು ಬೆಳೆ ಉಳಿಯಲೆಂದು ನಂಬಿ ಕೊಟ್ಟದ್ದು. ಆದ್ದರಿಂದ ಕೊಟ್ಟದ್ದರಲ್ಲಿ ಒಂದು ಪಾಲು ಕೊಟ್ಟವರ ಉಡಿಗೆ ಮರಳಿ ಬರಬೇಕು. ಬರದಿದ್ದರೆ ಪಟ್ಟ ನಿಲ್ಲುವುದಿಲ್ಲ. ಹೇಳಿ ಮುಗಿಸಿ ಅಮೀನರ ಕಡೆ ನೋಡುವ ಧೈರ್ಯವಾಗದೆ ಅವ್ವನ ಕಡೆ ನೋಡಿದೆ.

ಅಮೀನರು ಬಗ್ಗಿ ನಾಲ್ಕು ಕಾಳು ಎತ್ತಿಕೊಂಡರು. ಆಕೆ ಸೆರಗನ್ನು ಹಿಂದಕ್ಕೆ ಎಳೆದುಕೊಂಡಳು.

"ಕಾಳ ಬ್ಯಾಡ್ರೀ ಸಾಹೇಬ್ರ. ನನ್ನ ಎತ್ತಿನ ಹೆಗಲ ಮ್ಯಾಲಿನ ನೊಗಾ ಇಳಸ್ರಿ. ಇವತ್ತ ಸೋಮಾರ."

ಅಮೀನರು ತಲೆಯೆತ್ತಿ ಬಾಗಿಲಾಚೆ ನೋಡಿದರು. ಆ ಎತ್ತುಗಳು ಯಾರವೆಂದು ಅವರಿಗೆ ಅಲ್ಲಿಯವರೆಗೆ ಗೊತ್ತಿತ್ತೋ ಇಲ್ಲವೋ, ನಾನು ಹೇಳಲಾರೆ. ರುಮಾಲಿನ ಅಂಚಿನಿಂದ ಬೆವರು ಇಳಿಯುತ್ತಿತ್ತು. ಜವಾನ ಲಾಠಿ ಹಿಡಿದು ಮುಂದೆ ಬಂದ. ಅವರು ಕೈಯೆತ್ತಿ ಅವನನ್ನು ತಡೆದು, ಎತ್ತು ಬಿಚ್ಚು ಎಂದು ಉರ್ದುವಿನಲ್ಲಿ ಮೆಲ್ಲಗೆ ಹೇಳಿದರು. ಅವನಿಗೆ ಕೇಳಿಸಲಿಲ್ಲವೋ ನಂಬಿಕೆ ಬರಲಿಲ್ಲವೋ, ಇನ್ನೊಮ್ಮೆ ಹೇಳಬೇಕಾಯಿತು. ನೊಗ ಇಳಿದ ಮೇಲೆ ಆಕೆ ಮತ್ತೆ ಸೆರಗೊಡ್ಡಿದಳು. ಅಮೀನರು ಕಾಳು ಹಾಕಿದರು. ಬರೀ ಉಡಿಯಲ್ಲಿ ಹೋಗಿದ್ದ ಗೌಡರೂ ಉಳಿದವರೂ ಹಿಂದಿರುಗಿ ಸಾಲಿಗೆ ನಿಂತರು. ಕಡೆಯವನ ಶಲ್ಯಕ್ಕೆ ಕಾಳು ಬೀಳುವವರೆಗೂ ಅವರು ಗದ್ದಿಗೆಯಿಂದ ಏಳಲಿಲ್ಲ. ಆಮೇಲೆ ತಾವೇ ರುಮಾಲು ತೆಗೆದು ಕಂಬಳಿಯ ಮೇಲಿಟ್ಟು, ನನ್ನನ್ನು ಸಾಲೆಯ ಪಡಸಾಲೆಗೆ ಕರೆದರು.

ಅಲ್ಲಿ ನಾವಿಬ್ಬರೇ. ಗೋಡೆಯ ಮೇಲೆ ಹುಡುಗರು ಇದ್ದಿಲಿನಿಂದ ಬರೆದ ಅಕ್ಷರಗಳನ್ನು ನೋಡುತ್ತ ನಿಂತರು. ಹಿಡಿದುಕೊಂಡು ಹೋಗುತ್ತಾರೆಂದೇ ನಾನು ತಿಳಿದಿದ್ದೆ.

"ಮಾಸ್ಟರ್ ಸಾಬ್, ಇವತ್ತಿನ ನಿಮ್ಮ ಇಬ್ಬರು ಮುನಿಗಳು ಇಂಗ್ಲಿಸ್ತಾನದವರು ಹೌದಲ್ಲ? ಕಾಲೇಜದಾಗ ನಾನೂ ಓದೀನಿ, ಉರ್ದುದಾಗ. ಇಮ್ತಿಹಾನದಾಗ ಇವರ ಮ್ಯಾಲೇ ಸವಾಲ್ ಬಂದಿತ್ತು."

ಜವಾನ ಬಂದು ಹೇಳಿದ ಮೊದಲ ದಿನವೇ ಅವರಿಗೆ ಗುರುತು ಸಿಕ್ಕಿತ್ತಂತೆ. ಪದ್ಯದಲ್ಲಿ ಹೇಗೆ ಹೇಳುತ್ತಾರೋ ಕೇಳೋಣವೆಂದು ಸುಮ್ಮನಿದ್ದರಂತೆ. ಪರೀಕ್ಷೆಗೆ ಬರೆದ ಮೇಲೆ ಆ ಪಾಠವನ್ನು ಯಾರ ಬಾಯಲ್ಲೂ ಕೇಳಿರಲಿಲ್ಲ ಎಂದರು. ಹಾಗೆನ್ನುವಾಗ ಅವರ ಮುಖದಲ್ಲಿ ಕಂಡದ್ದು ಸಿಟ್ಟಲ್ಲ. ಅದು ಬೇಸರವೋ ಆಸೆಯೋ ನನಗೆ ತಿಳಿಯಲಿಲ್ಲ. ಮರುಗಳಿಗೆಯಲ್ಲಿ ಅಮೀನರ ಮುಖ ಅಮೀನರದಾಯಿತು.

"ಈ ಇಂಗ್ಲಿಸ್ತಾನದವರ ತನಕ ನಾ ಕಣ್ಣು ಮುಚ್ಚಬಹುದು. ಮುಂದಿನ ಆ ಫ್ರೆಂಚ್ ಮಾತಿನವ ಬರೂದರಾಗ ನೀವು ಈ ಊರು ಬಿಡ್ರಿ. ಈ ನಿಮ್ಮ ಮದ್ರಸಾ ಇರತೈತಿ. ನೀವಿದ್ರ ಇರಂಗಿಲ್ಲ."

ಅಜ್ಜಾರಿಗೆ ಹೇಳಿದಾಗ ಅವರು ನನ್ನ ತಲೆಯ ಮೇಲೆ ಕೈಯಿಟ್ಟರು. ಅಕ್ಷರ ಕಲಿಸುವ ಕೆಲಸವನ್ನು ಗವಾಯಿಗಳು ಒಪ್ಪಿಕೊಂಡರು. ನನಗೆ ಅಳು ಬಂತು. ಸಾಲೆ ಉಳಿಯಿತೆಂಬ ಸಮಾಧಾನಕ್ಕಿಂತ ಅದು ನನ್ನದಲ್ಲದಾಯಿತಲ್ಲ ಎಂಬ ಹೊಟ್ಟೆಯುರಿಯೇ ಹೆಚ್ಚಾಗಿತ್ತು.

ಮಂಗಳವಾರ ಬೆಳಗ್ಗೆ ಗೌಡರು ತಮ್ಮ ಎತ್ತುಗಳನ್ನು ಹೂಡಿ ಕೊಪ್ಪಳದ ರೈಲು ನಿಲ್ದಾಣದವರೆಗೆ ಬಂಡಿ ಕಳಿಸಿದರು. ಅವ್ವನ ಎತ್ತುಗಳು ಅವಳ ಮನೆಯ ಮುಂದೆ ಹೆಗಲಿಗೆ ಅರಿಸಿನ ಎಣ್ಣೆ ಬಳಿಸಿಕೊಂಡು ಮಲಗಿದ್ದವು. ಆಕೆ ಬುತ್ತಿ ತಂದುಕೊಟ್ಟು, ನನ್ನ ಶಲ್ಯಕ್ಕೆ ಒಂದು ಬೊಗಸೆ ಕಾಳು ಹಾಕಿ ಸೆರಗೊಡ್ಡಿದಳು. ನಾಲ್ಕು ಕಾಳು ಹೊಳ್ಳಿ ಹಾಕಿದೆ.

"ಪುರಾಣ ಮಂಗಲ ಆಗಿಲ್ಲ ಮಾಸ್ತರ. ಹಂಗ ಬಿಡಬಾರದು," ಎಂದಳು. ಬಂದು ಮುಗಿಸುತ್ತೇನೆ ಯವ್ವಾ ಎಂದೆ. ಇಬ್ಬರಿಗೂ ಅದು ಆಗದ ಮಾತೆಂದು ಗೊತ್ತಿತ್ತು.

ಮುಂದಿನ ವರ್ಷ ಗದಗಿನಲ್ಲಿ ಗವಾಯಿಗಳು ಸಿಕ್ಕರು. ಸಾಲೆ ನಡೆಯುತ್ತಿದೆ, ಮಗ್ಗಿಯನ್ನೆಲ್ಲ ರಾಗವಾಗಿ ಹೇಳಿಸುತ್ತೇನೆ ಎಂದು ನಕ್ಕರು. ಆ ಅಮೀನರಿಗೆ ವರ್ಗವಾಗಿತ್ತು. ಹೊಸಬರು ಬಂದವರೇ ಬಿಟ್ಟಿಗೆ ಎತ್ತು ಹಿಡಿದು ತರಲು ಜವಾನರನ್ನು ಕಳಿಸಿದ್ದರಂತೆ. ಜವಾನರು ಓಣಿಗೆ ಕಾಲಿಟ್ಟಾಗ ರೊಟ್ಟಿ ಅವ್ವ ಹೊರಗೆ ಬಂದು ಮಾತಿಲ್ಲದೆ ಬರೀ ಸೆರಗೊಡ್ಡಿ ನಿಂತಳಂತೆ. ಪಕ್ಕದ ಮನೆಯಾಕೆ ಬಂದು ನಿಂತಳು. ಎದುರು ಮನೆಯಾಕೆ ನಿಂತಳು. ಆಮೇಲೆ ಗಂಡಸರೂ ಶಲ್ಯ ಹಿಡಿದು ಬಂದರು. ಕೂಗಾಟವಿಲ್ಲ, ಕಲ್ಲಿಲ್ಲ. ಓಣಿಯ ಈ ತುದಿಯಿಂದ ಆ ತುದಿಯವರೆಗೆ ಖಾಲಿ ಉಡಿಗಳು. ಜವಾನರು ಬಹಳ ಹೊತ್ತು ನಿಂತು, ಏನು ಮಾಡುವುದೆಂದು ತಿಳಿಯದೆ ಬರಿಗೈಯಲ್ಲಿ ಹಿಂದಿರುಗಿದರಂತೆ.

ಹಾಗೆ ನಿಲ್ಲಲು ಹೇಳಿಕೊಟ್ಟವರು ಯಾರು, ನೀವೇ ಎಂದು ಕೇಳಿದೆ. ಗವಾಯಿಗಳು ಅಲ್ಲವೆಂದು ತಲೆಯಾಡಿಸಿದರು.

"ಯಾರೂ ಹೇಳಿಲ್ಲರೀ. ಎಲ್ಲರ ಮುನೀ ಕಥಿ ನೀವು ಹೇಳದಽ ಹೋದ್ರಲ್ಲ, ಅದನ್ನ ಅವರಽ ಮಂಗಲ ಮಾಡ್ಯಾರ."